ಕೆಲಸಗಾರರ ಸಂಘವೂ ಒಡೆಯರ ಪ್ರತೀಕಾರವೂ: ಮದರಾಸಿನ ಗಿರಣಿವ್ಯಾಜ್ಯದ ವಿಮರ್ಶೆ

೧

ಕೂಲಿಗೆ ದುಡಿಯುವವರು ಹಲವರು ಒಟ್ಟುಗೂಡಿ ತಮ್ಮ ಕುಂದುಕೊರತೆಗಳನ್ನು ಒಡೆಯನ ಮುಂದಿಟ್ಟರೆ ಅದನ್ನು ಸಂಘವೆನ್ನಬೇಕೋ ಪಿತೂರಿಯೆನ್ನಬೇಕೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಶಬ್ದಮಾತ್ರದ ವಿವಾದದಂತೆ ತೋರುವುದು. ವಿಚಾರಿಸಿ ನೋಡಿದರೆ ಹಾಗಲ್ಲ. ಮೊದಲನೆಯ ಹೆಸರನ್ನು ಒಪ್ಪಿದ ಶಾಸನವು ಅವರನ್ನು ಕಾಪಾಡಬೇಕಾಗುತ್ತದೆ. ಎರಡನೆಯದನ್ನು ಒಪ್ಪಿದ ಶಾಸನವು ದಂಡಿಸಬೇಕಾಗುತ್ತದೆ. ಕೆಲಸಗಾರರ ಚರಿತ್ರೆಯಲ್ಲಿ ನಡೆದ ವ್ಯಾಜ್ಯಗಳಲ್ಲಿ ಬಹುಭಾಗವು ಈ ಎರಡು ಹೆಸರುಗಳ ನಡುವೆ ನಡೆದ ವ್ಯಾಜ್ಯವೇ ಆಗಿದೆ.

ಕನ್ನಡದಲ್ಲಿ ಈ ವಿಷಯಕ್ಕೆ ರೂಢಿಯಾಗಿರುವ ಮಾತೇ ಇದಕ್ಕೊಂದು ನಿದರ್ಶನ. ಒಗ್ಗಟ್ಟಾಗಿ ಕೆಲಸವನ್ನು ನಿಲ್ಲಿಸುವುದಕ್ಕೆ ‘ಮುಷ್ಕರ’ವೆಂದು ಹೇಳುವುದು ಈಗ ಸರ್ವಸಾಧಾರಣವಾಗಿದೆ. ಹಿಂದಿನ ಬಳಕೆಯಲ್ಲಿ ಈ ಪದಕ್ಕೆ ಹಟ, ಮೊಂಡುತನ ಎಂಬ ಅರ್ಥವಿತ್ತು. ತೆಲುಗಿನಲ್ಲಿಯೂ ಮುಷ್ಕರನೆಂದರೆ ಹಟಮಾರಿ, ದುಷ್ಟ. ಕೆಲಸ ನಿಲ್ಲಿಸಿದವನು ತನ್ನ ನಡತೆಯನ್ನು ಮೊಂಡುತನವೆಂದು ತಾನೇ ಕರೆದುಕೊಳ್ಳುವುದು ಅಸಂಭವ. ಆದುದರಿಂದ ಈ ಪದವು ಒಡೆಯನ ಕಣ್ಣಿನಿಂದ ನೋಡಿದವರ ಮಾತಾಗಿ ಹುಟ್ಟಿ, ಕಾಲಕ್ರಮದಲ್ಲಿ ತನ್ನ ನಿಂದಾರ್ಥವನ್ನು ಕಳೆದುಕೊಂಡು, ಕೆಲಸಗಾರರೇ ಅಭಿಮಾನದಿಂದ ಹೇಳಿಕೊಳ್ಳುವ ಮಾತಾಯಿತೆಂದು ಊಹಿಸಬಹುದು. ಪದದ ಅರ್ಥ ಹೀಗೆ ಮಾರ್ಪಟ್ಟಂತೆ ಶಾಸನದ ದೃಷ್ಟಿಯೂ ಮಾರ್ಪಡಲು ಎಷ್ಟು ಕಾಲ ಹಿಡಿಯಿತು, ಆ ನಡುವೆ ಸಂಘಟಕರು ಏನನ್ನು ಅನುಭವಿಸಬೇಕಾಯಿತು ಎಂಬುದನ್ನು ಮದರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ವೃತ್ತಾಂತದಿಂದ ತಿಳಿಯಬಹುದು. ಅದಕ್ಕೆ ಪೀಠಿಕೆಯಾಗಿ ನಮ್ಮ ಧರ್ಮಶಾಸ್ತ್ರಗಳ ನಿರ್ಣಯವನ್ನು ಪರಾಮರ್ಶಿಸುವುದು ಉಚಿತ.

೨

ಮನುವು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ವೇತನಾದಾನ, ಸಂಭೂಯಸಮುತ್ಥಾನ, ಸಂವಿದ್ವ್ಯತಿಕ್ರಮ ಎಂಬ ಮೂರು ಪ್ರಕೃತ ವಿಷಯಕ್ಕೆ ಸಮೀಪವಾದವು. ಮೊದಲನೆಯದು ಕೂಲಿಯನ್ನು ಕೊಡದಿರುವುದು, ಎರಡನೆಯದು ಹಲವರು ಕೂಡಿ ನಡೆಸುವ ಉದ್ಯಮ, ಮೂರನೆಯದು ಸಮೂಹದ ಕಟ್ಟುಪಾಡನ್ನು ಮೀರುವುದು. ಕೂಡಿ ಬಾಳುವುದೂ ಕೂಡಿ ದುಡಿಯುವುದೂ ಶಾಸ್ತ್ರಕಾರರಿಗೆ ಸಂಶಯಾಸ್ಪದವಾದ ಸಂಗತಿಗಳಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಶ್ರೇಣಿ, ಪೂಗ, ಗಣ ಮೊದಲಾದ ಸಮೂಹಗಳ ಕಟ್ಟಳೆಗಳನ್ನು ರಾಜನೂ ಮನ್ನಿಸಬೇಕೆಂಬುದು ಅವರ ಮತ. ಕನ್ನಡ ನಾಡಿನ ಶಾಸನಗಳಲ್ಲಿ ಕಾಣಬರುವ ಅಯ್ಯಾವೊಳೆಯ ಐನೂರ್ವರು ವರ್ತಕಸಮೂಹದ ಇಂತಹ ಅಧಿಕಾರಕ್ಕೆ ಪ್ರಸಿದ್ಧ ನಿದರ್ಶನ.

ಆದರೆ ಕೂಡಿ ಬೆಲೆಯನ್ನೇರಿಸುವ ವಿಷಯದಲ್ಲಿ ಶಾಸ್ತ್ರವು ಕಠಿನವಾಗಿದೆ. ಕೌಟಿಲ್ಯನು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ಕಾರುಶಿಲ್ಪಿಗಳು ಒಟ್ಟಾಗಿ ಕೆಲಸದ ಗುಣವನ್ನು ತಗ್ಗಿಸಿದರೆ ಅಥವಾ ಕ್ರಯವಿಕ್ರಯಗಳಿಗೆ ಅಡ್ಡಿ ಮಾಡಿದರೆ ಸಾವಿರ ಪಣ ದಂಡವನ್ನು ವಿಧಿಸಿದ್ದಾನೆ. ಇದೊಂದನ್ನೇ ಎತ್ತಿ ತೋರಿಸಿ, ಪ್ರಾಚೀನ ಭಾರತದಲ್ಲಿ ಕೆಲಸಗಾರರ ಒಕ್ಕೂಟವು ಅಪರಾಧವಾಗಿತ್ತೆಂದು ತೀರ್ಮಾನಿಸುವುದು ದುಡುಕಾದೀತು. ಏಕೆಂದರೆ ಇದಕ್ಕೆ ಹೊಂದಿಕೊಂಡೇ ಬರುವ ವಿಧಿಯಲ್ಲಿ, ವರ್ತಕರು ಒಟ್ಟಾಗಿ ಸರಕನ್ನು ತಡೆಹಿಡಿದರೆ ಅಥವಾ ಅನುಚಿತವಾದ ಬೆಲೆಗೆ ಮಾರಿದರೆ ಅವರಿಗೂ ಅದೇ ಸಾವಿರ ಪಣವೇ ದಂಡ. ಯಾಜ್ಞವಲ್ಕ್ಯನೂ ಈ ಎರಡು ವಿಧಿಗಳನ್ನು ಜೊತೆಜೊತೆಯಾಗಿಯೇ ಹೇಳಿ ಇಬ್ಬರಿಗೂ ಉತ್ತಮಸಾಹಸದ ದಂಡವನ್ನು ವಿಧಿಸಿದ್ದಾನೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ್ದು ಈ ಸ್ಮೃತಿಯನ್ನೇ. ಇಲ್ಲಿ ಶಾಸ್ತ್ರದ ಆಕ್ಷೇಪಣೆಯು ಕೆಲಸಗಾರನೆಂಬ ವರ್ಗದ ಮೇಲಲ್ಲ. ಕೊಳ್ಳುವ ಪ್ರಜೆಗೆ ಆಗುವ ಬಾಧೆಯ ಮೇಲೆ. ಬಡಗಿಗೂ ಸೆಟ್ಟಿಗೂ ತಕ್ಕಡಿ ಒಂದೇ.

ಒಡೆಯನಿಗೂ ಆಳಿಗೂ ಇರುವ ಸಂಬಂಧದಲ್ಲಿಯೂ ಈ ಸಮತೆ ಕೆಲವೆಡೆ ಸ್ಪಷ್ಟವಾಗಿದೆ. ರೋಗವಿಲ್ಲದೆ, ದರ್ಪದಿಂದ ಕೆಲಸ ಮಾಡದಿರುವ ಭೃತ್ಯನಿಗೆ ಮನುವು ಎಂಟು ಕೃಷ್ಣಲಗಳ ದಂಡವನ್ನು ಹೇಳಿ ಕೂಲಿಯನ್ನೂ ತಪ್ಪಿಸಿದ್ದಾನೆ. ಆದರೆ ರೋಗದಿಂದ ನಿಂತವನು ಗುಣವಾದ ಮೇಲೆ ಕೆಲಸವನ್ನು ಪೂರೈಸಿದರೆ ಎಷ್ಟು ಕಾಲ ಕಳೆದಿದ್ದರೂ ಕೂಲಿ ಸಲ್ಲತಕ್ಕದ್ದೆಂದಿದ್ದಾನೆ. ಕೂಲಿಯನ್ನು ಕೊಡದ ಒಡೆಯನಿಗೆ ಕೌಟಿಲ್ಯನು ದಂಡವನ್ನು ಹೇಳಿದ್ದಾನೆ. ಎಲ್ಲಕ್ಕಿಂತಲೂ ವಿಷ್ಣುಧರ್ಮಸೂತ್ರದ ನಿರ್ಣಯವು ಗಮನಾರ್ಹವಾದುದು. ಒಪ್ಪಿದ ಅವಧಿಗೆ ಮೊದಲೇ ಕೆಲಸವನ್ನು ಬಿಟ್ಟುಹೋದ ಆಳು ಪೂರ್ಣ ಕೂಲಿಯನ್ನು ಕಳೆದುಕೊಂಡು ರಾಜನಿಗೆ ನೂರು ಪಣ ತೆರಬೇಕು. ಆಳಿನ ದೋಷವಿಲ್ಲದೆ ಅವಧಿಗೆ ಮೊದಲೇ ಅವನನ್ನು ಬಿಡಿಸಿದ ಒಡೆಯನು ಪೂರ್ಣ ಕೂಲಿಯನ್ನು ಕೊಟ್ಟು ರಾಜನಿಗೆ ಅದೇ ನೂರು ಪಣ ತೆರಬೇಕು.

ಇದರಿಂದ ಪೂರ್ವಕಾಲವೆಲ್ಲ ನ್ಯಾಯಮಯವಾಗಿತ್ತೆಂದು ಹೇಳುವಂತಿಲ್ಲ. ಇವು ವಿಧಿವಾಕ್ಯಗಳೇ ಹೊರತು ನಡೆದ ಸಂಗತಿಗಳ ವರದಿಯಲ್ಲ. ವಿಷ್ಟಿಯೆಂಬ ಬಿಟ್ಟಿ ದುಡಿಮೆಯನ್ನು ಇವೇ ಗ್ರಂಥಗಳು ಒಪ್ಪಿವೆ. ವರ್ಣಭೇದದಿಂದ ದಂಡಭೇದವನ್ನೂ ಹೇಳಿವೆ. ಆದರೂ ಬಿಟ್ಟುಹೋದ ಆಳಿಗೂ ಬಿಡಿಸಿದ ಒಡೆಯನಿಗೂ ದಂಡ ಸಮವಾಗಿರಬೇಕೆಂಬ ತತ್ತ್ವವು ಈ ನಾಡಿಗೆ ಅಪರಿಚಿತವಾಗಿರಲಿಲ್ಲವೆಂಬಷ್ಟು ಇವುಗಳಿಂದ ಸಿದ್ಧವಾಗುವುದು. ಮುಂದಿನ ವೃತ್ತಾಂತವನ್ನು ಅಳೆಯಲು ಅಷ್ಟೇ ಅಳತೆಗೋಲು ಸಾಕು.

೩

ಬ್ರಿಟಿಷರ ಆಳ್ವಿಕೆಯಲ್ಲಿ ಈ ತಕ್ಕಡಿಯ ಒಂದು ತಟ್ಟೆ ಕೆಳಗಿಳಿಯಿತು. ಕಲ್ಕತ್ತೆಯ ಯುರೋಪಿಯನ್ ವ್ಯಾಪಾರಿಗಳ ಅರಿಕೆಯ ಮೇರೆಗೆ ೧೮೫೯ರಲ್ಲಿ ಹದಿಮೂರನೆಯ ಕಾಯಿದೆಯು ಹುಟ್ಟಿತು. ಮುಂಗಡ ಹಣವನ್ನು ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಒಪ್ಪಂದದಂತೆ ಕೆಲಸ ಮಾಡದಿದ್ದರೆ, ಒಡೆಯನು ಮ್ಯಾಜಿಸ್ಟ್ರೇಟನಲ್ಲಿ ದೂರು ಕೊಡಬಹುದು. ಹಣವನ್ನು ಹಿಂದಿರುಗಿಸಬೇಕೆಂದೋ ಕೆಲಸವನ್ನು ಪೂರೈಸಬೇಕೆಂದೋ ಆಜ್ಞೆಯಾಗುವುದು. ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ. ಒಪ್ಪಂದವನ್ನು ಮುರಿದ ಒಡೆಯನಿಗೆ ಈ ಕಾಯಿದೆಯಲ್ಲಿ ಸೆರೆಯಿಲ್ಲ. ಸಾಲವೆಂಬ ದಿವಾಣಿ ವ್ಯವಹಾರವು ಆಳಿನ ಪಾಲಿಗೆ ಮಾತ್ರ ಫೌಜುದಾರಿ ಅಪರಾಧವಾಯಿತು. ಈ ಕಾಯಿದೆಯನ್ನು ರದ್ದುಪಡಿಸುವ ಶಾಸನವಾದುದು ೧೯೨೫ರಲ್ಲಿ. ಅದು ಜಾರಿಗೆ ಬಂದುದು ೧೯೨೬ರಲ್ಲಿ.

ಇಂಗ್ಲೆಂಡಿನಲ್ಲಿಯೂ ಒಮ್ಮೆ ಇಂತಹದೇ ಸ್ಥಿತಿಯಿದ್ದಿತು. ೧೭೯೯ ಮತ್ತು ೧೮೦೦ರ ಕಾಯಿದೆಗಳು ಕೆಲಸಗಾರರ ಒಕ್ಕೂಟಗಳನ್ನು ನಿಷೇಧಿಸಿದ್ದುವು. ಅವು ೧೮೨೪ರಲ್ಲಿ ರದ್ದಾದರೂ ಪ್ರತೀಕಾರ ನಿಲ್ಲಲಿಲ್ಲ. ೧೮೩೩ರಲ್ಲಿ ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಹೊಲದಾಳುಗಳು, ಕೂಲಿ ಇಳಿಯುತ್ತಿರುವುದನ್ನು ತಡೆಯಲು ಸಂಘ ಕಟ್ಟಿದರು. ಸಂಘ ಕಟ್ಟಿದುದು ಆಗ ಅಪರಾಧವಲ್ಲ. ಆದುದರಿಂದ, ಗುಟ್ಟಾಗಿ ಪ್ರಮಾಣ ಮಾಡಿಸಿದರೆಂದು ಬೇರೊಂದು ಹಳೆಯ ಕಾಯಿದೆಯ ಮೇರೆಗೆ ಅವರನ್ನು ಹಿಡಿದು ಏಳು ವರ್ಷ ದ್ವೀಪಾಂತರ ಶಿಕ್ಷೆಯನ್ನು ವಿಧಿಸಿದರು. ಜನರ ಆಗ್ರಹದಿಂದ ೧೮೩೬ರಲ್ಲಿ ಅವರಿಗೆ ಕ್ಷಮೆ ದೊರೆಯಿತು. ಪ್ರತೀಕಾರವು ತನ್ನ ನಿಜವಾದ ಕಾರಣವನ್ನು ಹೇಳದೆ ಮತ್ತೊಂದು ಕಾರಣದ ವೇಷವನ್ನು ಧರಿಸಿ ಬರುವ ಕ್ರಮಕ್ಕೆ ಇದು ಪ್ರಸಿದ್ಧ ಉದಾಹರಣೆ.

ಮುಂದೆ ಶಿಕ್ಷೆಯ ಸ್ಥಾನದಲ್ಲಿ ನಷ್ಟಪರಿಹಾರದ ದಾವೆ ಬಂದಿತು. ವೇಲ್ಸಿನ ಟಾಫ್‌ವೇಲ್ ರೈಲ್ವೆ ಕಂಪನಿಯು ಕೆಲಸಗಾರರ ಸಂಘದ ಮೇಲೆ ಹೂಡಿದ ದಾವೆಯಲ್ಲಿ, ಸಂಘವೇ ನಷ್ಟಕ್ಕೆ ಹೊಣೆಯೆಂದು ೧೯೦೧ರಲ್ಲಿ ಪ್ರಭುಸಭೆಯು ತೀರ್ಪಿತ್ತಿತು. ೨೩,೦೦೦ ಪೌಂಡು ತೆರಬೇಕಾಯಿತು. ಕೆಲಸ ನಿಲ್ಲಿಸಿದರೆ ಸಂಘದ ಬೊಕ್ಕಸವೇ ಬರಿದಾಗುವುದೆಂದು ಕಂಡ ಮೇಲೆ ಇಂಗ್ಲೆಂಡಿನ ಕೆಲಸಗಾರರು ರಾಜಕೀಯಕ್ಕೆ ಇಳಿದರು. ೧೯೦೬ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆಯನ್ನು ಮಾಡಿ ಇಂತಹ ದಾವೆಗಳಿಂದ ಸಂಘಗಳಿಗೆ ರಕ್ಷಣೆಯನ್ನಿತ್ತಿತು. ಈ ೧೯೦೬ನೆಯ ಇಸವಿಯನ್ನು ಮರೆಯಬಾರದು.

೪

ಮದರಾಸಿನ ಪೆರಂಬೂರು ಪ್ರಾಂತದಲ್ಲಿ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿದ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಎಂಬ ಎರಡು ಬಟ್ಟೆಯ ಗಿರಣಿಗಳಿದ್ದುವು. ೧೯೨೦ರಲ್ಲಿ ಇವೆರಡೂ ಒಂದೇ ಕಂಪನಿಯಾದುವು. ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯೂ ಬಿನ್ನಿಯವರ ಆಡಳಿತದಲ್ಲಿಯೇ ಇದ್ದಿತಾದುದರಿಂದ ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿ ಅಕ್ಕಿ ಬಟ್ಟೆಗಳ ಬೆಲೆಯೇರಿತು. ಕೂಲಿ ಅದಕ್ಕೆ ತಕ್ಕಂತೆ ಏರಲಿಲ್ಲ. ನಡುಹಗಲಿನ ಊಟಕ್ಕೆ ದೊರೆಯುತ್ತಿದ್ದ ಬಿಡುವು ಸಾಲದು. ಮೇಲ್ವಿಚಾರಕರ ಬೈಗುಳ ಹೊಡೆತಗಳು ಸಾಮಾನ್ಯ. ಈ ಸಂಕಟಗಳನ್ನು ಕಂಡು ಮರುಗಿದವರು ಆ ನೆರೆಹೊರೆಯ ವ್ಯಾಪಾರಿಗಳಾದ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯುಡು ಎಂಬುವರು. ಅವರು ಆನಿ ಬೆಸೆಂಟರ ಸಹೋದ್ಯೋಗಿಗಳೂ ಥಿಯಾಸಫಿಕಲ್ ಸೊಸೈಟಿಯವರೂ ಆದ ಬಿ. ಪಿ. ವಾಡಿಯಾ ಅವರನ್ನು ಕರೆತಂದರು. ೧೯೧೮ನೆಯ ಏಪ್ರಿಲ್ ೨೭ರಂದು ಮದರಾಸು ಲೇಬರ್ ಯೂನಿಯನ್ ಸ್ಥಾಪಿತವಾಯಿತು. ಇಂಡಿಯಾ ದೇಶದಲ್ಲಿ ಕ್ರಮಬದ್ಧವಾಗಿ ಕಟ್ಟಿದ ಮೊದಲ ಕಾರ್ಮಿಕ ಸಂಘಗಳಲ್ಲಿ ಇದನ್ನು ಎಣಿಸುವುದು ವಾಡಿಕೆ. ತಮಿಳು ವಿದ್ವಾಂಸರೂ ಪತ್ರಿಕಾಸಂಪಾದಕರೂ ಆಗಿದ್ದ ತಿರು. ವಿ. ಕಲ್ಯಾಣಸುಂದರ ಮುದಲಿಯಾರರು ಇದರ ಕಾರ್ಯಕರ್ತರಲ್ಲಿ ಒಬ್ಬರು. ತಮಿಳು ಗದ್ಯಕ್ಕೆ ಹೆಸರಾದ ಅವರ ವಾಣಿಯು ಗಿರಣಿಯ ಕೂಲಿಗಳ ಸಭೆಗಳಲ್ಲಿಯೂ ಕೇಳಿಬಂದುದು ಸಾಹಿತ್ಯಚರಿತ್ರಕಾರರು ಲಕ್ಷಿಸಬೇಕಾದ ಸಂಗತಿ.

ಸಂಘದ ನಾಯಕರು ಗಿರಣಿಯ ಒಳಗಿನವರಲ್ಲವೆಂಬುದೇ ಒಡೆಯರ ಮೊದಲ ಆಕ್ಷೇಪಣೆ. ನಮಗೂ ನಮ್ಮ ಕೆಲಸಗಾರರಿಗೂ ನಡುವೆ ಮೂರನೆಯವನಿಗೇನು ಕೆಲಸವೆಂಬುದು ಅವರ ವಾದದ ತಾತ್ಪರ್ಯ. ಈ ವಾದವು ಕೇಳಲು ಸರಳವಾಗಿದ್ದರೂ ಕಾರಣವನ್ನು ಕಾರ್ಯವೆಂದು ತಿಳಿಯುವ ದೋಷ ಇದರಲ್ಲಿದೆ. ಒಳಗಿನವನೊಬ್ಬನು ಮುಂದೆ ನಿಂತು ಮಾತನಾಡಿದರೆ ಮರುದಿನ ಅವನಿಗೆ ಕೆಲಸವಿಲ್ಲ. ಕೆಲಸದಿಂದ ತೆಗೆಯಲಾಗದವನು ಯಾರೋ ಅವನೇ ನಾಯಕನಾಗಬಲ್ಲನು. ಹಾಗೆ ತೆಗೆಯಲಾಗದವನು ಹೊರಗಿನವನೇ ಆಗಿರಬೇಕು. ಆದುದರಿಂದ ಹೊರಗಿನವರ ನಾಯಕತ್ವವು ಒಡೆಯರ ಪ್ರತೀಕಾರಕ್ಕೆ ಕಾರಣವಾಗಿರದೆ, ಪ್ರತೀಕಾರದ ಭಯದ ಫಲವೇ ಆಗಿದ್ದಿತು.

ಸಂಘವು ಹುಟ್ಟಿದ ವರ್ಷದಲ್ಲಿಯೇ ಗಿರಣಿಗಳಿಗೆ ಬೀಗಮುದ್ರೆ ಬಿದ್ದಿತು. ಆದರೂ ಸಂಘವು ಉಳಿದು ಬೆಳೆಯಿತು. ೧೯೧೯ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆದ ಮೊದಲನೆಯ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಎನ್. ಎಂ. ಜೋಷಿಯವರು ಪ್ರತಿನಿಧಿಗಳಾಗಿಯೂ ವಾಡಿಯಾ ಅವರು ಸಲಹೆಗಾರರಾಗಿಯೂ ಹೋದರು. ಅಂದರೆ ಸರ್ಕಾರವು ಯಾರನ್ನು ಇಂಡಿಯಾದ ಕಾರ್ಮಿಕರ ಪರವಾಗಿ ಲೋಕದ ಸಭೆಗೆ ಕಳುಹಿಸಿತೋ ಅವರೇ ಮರುವರ್ಷ ಮದರಾಸಿನ ನ್ಯಾಯಾಸ್ಥಾನದಲ್ಲಿ ಪ್ರತಿವಾದಿಯಾಗಿ ನಿಲ್ಲಬೇಕಾಯಿತು.

೧೯೨೦ರ ಅಕ್ಟೋಬರಿನಲ್ಲಿ ಬಕಿಂಗ್‌ಹ್ಯಾಂ ಗಿರಣಿಯ ನೇಯ್ಗೆಯ ವಿಭಾಗದಲ್ಲಿ ಬಡತಿಯ ವಿಷಯವಾಗಿ ವಿವಾದವೆದ್ದು ಗಿರಣಿಗೆ ಬೀಗ ಬಿದ್ದಿತು. ಕಂಪನಿಯು ಅಷ್ಟಕ್ಕೇ ನಿಲ್ಲದೆ ವಾಡಿಯಾ ಮೊದಲಾದ ನಾಯಕರ ಮೇಲೆ ಮದರಾಸು ಹೈಕೋರ್ಟಿನಲ್ಲಿ ದಾವೆ ಹೂಡಿತು. ಕೆಲಸದ ಕರಾರನ್ನು ಮುರಿಯುವಂತೆ ಕೆಲಸಗಾರರನ್ನು ಪ್ರೇರಿಸಿ ಕಂಪನಿಗೆ ನಷ್ಟವನ್ನುಂಟುಮಾಡಿದರೆಂಬುದು ಆರೋಪ. ನಷ್ಟಪರಿಹಾರವೂ ಇನ್ನು ಮುಂದೆ ಹಾಗೆ ಪ್ರೇರಿಸದಂತೆ ತಡೆಯಾಜ್ಞೆಯೂ ಪ್ರಾರ್ಥನೆ. ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆಯನ್ನಿತ್ತಿತು. ಆ ಡಿಸೆಂಬರಿನಲ್ಲಿ ಗಿರಣಿಯ ಬಳಿ ಗಲಭೆಯಾಗಿ ಪೋಲೀಸರ ಗುಂಡಿಗೆ ಪ್ರಾಣಹಾನಿಯೂ ಆಯಿತು. ೧೯೨೧ರ ಜನವರಿಯಲ್ಲಿ ರಾಜಿಯಾಗಿ ಗಿರಣಿ ತೆರೆಯಿತು. ರಾಜಿಯ ಫಲವನ್ನು ನೋಡಿದರೆ ದಾವೆಯ ಉದ್ದೇಶವು ತಾನಾಗಿ ವ್ಯಕ್ತವಾಗುತ್ತದೆ: ಕಂಪನಿಯು ದಾವೆಯನ್ನು ಮುಂದುವರಿಸಲಿಲ್ಲ, ಅದಕ್ಕೆ ಪ್ರತಿಯಾಗಿ ವಾಡಿಯಾ ಅವರು ಸಂಘದೊಡನೆ ತಮಗಿದ್ದ ಸಂಬಂಧವನ್ನು ಕಡಿದುಕೊಂಡರು. ಕೇಳಿದ್ದು ಹಣ, ಬೇಕಾಗಿದ್ದುದು ನಾಯಕನಿಲ್ಲದ ಸಂಘ.

ಇಲ್ಲಿ ೧೯೦೬ನೆಯ ಇಸವಿಯನ್ನು ನೆನೆಯಬೇಕು. ಇದೇ ದಾವೆಯನ್ನು ಇದೇ ಕಂಪನಿಯು ಲಂಡನ್ ನಗರದಲ್ಲಿ ಹೂಡಿದ್ದರೆ ಅಲ್ಲಿಯ ಕಾಯಿದೆಯು ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಇಂಗ್ಲಿಷರ ರೂಢಿಯ ನ್ಯಾಯವು ಮದರಾಸಿಗೆ ಬಂದಿದ್ದಿತು. ಆ ನ್ಯಾಯದ ಕಠೋರತೆಯನ್ನು ಕಳೆಯಲು ಇಂಗ್ಲಿಷರು ತಮಗಾಗಿ ಮಾಡಿಕೊಂಡ ಕಾಯಿದೆಯು ಹಡಗನ್ನೇರಿ ಬಂದಿರಲಿಲ್ಲ. ಔಷಧವನ್ನು ಮನೆಯಲ್ಲಿಟ್ಟುಕೊಂಡು ರೋಗವನ್ನು ಮಾತ್ರ ಹೊರನಾಡಿಗೆ ಕಳುಹಿಸಿದಂತಾಯಿತು.

೫

ನಾಯಕನನ್ನು ಕಳೆದುಕೊಂಡ ಸಂಘಕ್ಕೆ ೧೯೨೧ರಲ್ಲಿಯೇ ಎರಡನೆಯ ಪರೀಕ್ಷೆ ಒದಗಿತು. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಿಕ್ ಗಿರಣಿಯಲ್ಲಿ ಕೆಲಸ ನಿಂತಿತು. ಜೂನಿನಲ್ಲಿ ಬಕಿಂಗ್‌ಹ್ಯಾಂ ಗಿರಣಿಯವರೂ ಸೇರಿದರು. ಆದರೆ ಆದಿದ್ರಾವಿಡ ಕೆಲಸಗಾರರಲ್ಲಿ ಬಹುಮಂದಿ ಕೆಲಸಕ್ಕೆ ಮರಳಿದರು. ಮುಂದೆ ನಡೆದುದು ಒಡೆಯನಿಗೂ ಆಳಿಗೂ ನಡೆದ ಹೋರಾಟವಾಗಿ ಉಳಿಯದೆ, ಪುಳಿಯಂತೋಪು ಮೊದಲಾದ ಕೇರಿಗಳಲ್ಲಿ ಆಳಿಗೂ ಆಳಿಗೂ ನಡೆದ ಕಲಹವಾಯಿತು. ಗುಡಿಸಲುಗಳು ಸುಟ್ಟುವು, ಆಗಸ್ಟಿನ ಕಡೆಯಲ್ಲಿ ಗೋಲಿಬಾರಾಯಿತು. ಅಕ್ಟೋಬರಿನಲ್ಲಿ ಮುಷ್ಕರವು ಮುರಿದುಬಿದ್ದಿತು. ಸಂಘವು ಬಹುಕಾಲ ತಲೆಯೆತ್ತಲಾರದಂತಾಯಿತು. ಕಂಪನಿಯು ತನ್ನ ಆಶ್ರಯದಲ್ಲಿಯೇ ಕೆಲಸಗಾರರ ಕ್ಷೇಮಸಮಿತಿಯೊಂದನ್ನು ಏರ್ಪಡಿಸಿತು.

ಈ ಸೋಲಿನ ಹೊಣೆಯನ್ನೆಲ್ಲ ಕಂಪನಿಯ ಮೇಲೆ ಹೊರಿಸುವುದು ಚರಿತ್ರಕಾರನಿಗೆ ಸುಲಭವಾದ ದಾರಿ, ಸರಿಯಾದ ದಾರಿಯಲ್ಲ. ಒಡೆದಿದ್ದುದನ್ನು ಒಡೆಯನು ಉಪಯೋಗಿಸಿಕೊಂಡನೆಂಬುದು ನಿಜ. ಒಡಕು ಅವನಿಗಿಂತ ಮೊದಲೇ ಇದ್ದಿತೆಂಬುದೂ ಅಷ್ಟೇ ನಿಜ. ಗಿರಣಿಯ ಹೊರಗೆ ಬಾವಿಯ ನೀರನ್ನೂ ಗುಡಿಯ ಬಾಗಿಲನ್ನೂ ಹಂಚಿಕೊಳ್ಳದವನು ಗಿರಣಿಯ ಒಳಗೆ ಬಂದು ನಾವೆಲ್ಲ ಒಂದೇ ಎಂದರೆ ಕೇಳಿದವನಿಗೆ ನಂಬಿಕೆ ಹುಟ್ಟುವುದೆಂತು? ಕೂಡಿಟ್ಟ ಕಾಸಿಲ್ಲದ, ಸಾಲ ಹುಟ್ಟದ ಕುಟುಂಬಗಳಿಗೆ ತಿಂಗಳುಗಟ್ಟಲೆ ಕೂಲಿಯಿಲ್ಲದೆ ಕುಳಿತಿರುವುದು ಮಿಕ್ಕವರಿಗಿಂತ ದುಸ್ಸಾಧ್ಯವಾಗಿದ್ದಿತು. ಅವರು ಕೆಲಸಕ್ಕೆ ಹಿಂದಿರುಗಿದುದನ್ನು ದ್ರೋಹವೆಂದವರು ಈ ಲೆಕ್ಕವನ್ನು ಮಾಡಿರಲಿಲ್ಲ. ಸಂವಿದ್ವ್ಯತಿಕ್ರಮವನ್ನು ದಂಡಿಸುವ ಸ್ಮೃತಿಯೂ ಮೊದಲು ಸಂವಿತ್ತು, ಅಂದರೆ ಕೂಡಿ ಒಪ್ಪಿದ ಕಟ್ಟುಪಾಡು, ಇರಬೇಕೆಂದು ಅಪೇಕ್ಷಿಸುತ್ತದೆ. ಪೆರಂಬೂರಿನಲ್ಲಿ ಅಂತಹ ಒಪ್ಪಿಗೆಯು ಜಾತಿಯ ಗೆರೆಯನ್ನು ದಾಟಿರಲಿಲ್ಲ.

೬

ಗಿರಣಿಯಲ್ಲಿ ಸೋತುದು ಶಾಸನಸಭೆಯಲ್ಲಿ ಫಲಿಸಿತು. ವಾಡಿಯಾ ಅವರ ಮೇಲಿನ ದಾವೆಯಿಂದ ಎಚ್ಚೆತ್ತು, ಜೋಷಿಯವರು ೧೯೨೧ರ ಮಾರ್ಚಿಯಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳ ರಕ್ಷಣೆಗೆ ಕಾಯಿದೆ ಬೇಕೆಂಬ ನಿರ್ಣಯವನ್ನು ಮಂಡಿಸಿದರು, ಅದು ಅಂಗೀಕೃತವಾಯಿತು. ಐದು ವರ್ಷಗಳ ಅನಂತರ ೧೯೨೬ರಲ್ಲಿ ಇಂಡಿಯನ್ ಟ್ರೇಡ್ ಯೂನಿಯನ್ಸ್ ಕಾಯಿದೆಯಾಗಿ, ೧೯೨೭ನೆಯ ಜೂನ್ ೧ರಿಂದ ಜಾರಿಗೆ ಬಂದಿತು. ನೋಂದಣಿಯಾದ ಸಂಘದವರು ಸಂಘದ ನ್ಯಾಯವಾದ ಉದ್ದೇಶಗಳಿಗಾಗಿ ಮಾಡಿಕೊಂಡ ಒಪ್ಪಂದವು ದಂಡಾರ್ಹವಾದ ಪಿತೂರಿಯಲ್ಲವೆಂದು ಇದರ ೧೭ನೆಯ ಪ್ರಕರಣವೂ, ಕರಾರನ್ನು ಮುರಿಯಲು ಪ್ರೇರಿಸಿದರೆಂಬ ಕಾರಣದಿಂದಲೇ ಅವರ ಮೇಲೆ ದಿವಾಣಿ ದಾವೆ ನಡೆಯತಕ್ಕದ್ದಲ್ಲವೆಂದು ೧೮ನೆಯ ಪ್ರಕರಣವೂ ಸಾರಿದುವು. ಪಿತೂರಿಯ ಹೆಸರು ಅಳಿದು ಸಂಘದ ಹೆಸರು ಉಳಿಯಿತು. ಇಂಗ್ಲೆಂಡಿನ ೧೯೦೬ರ ಔಷಧವು ಈ ತೀರಕ್ಕೆ ತಲಪಲು ಇಪ್ಪತ್ತು ವರ್ಷ ಹಿಡಿಯಿತು.

ಆದರೆ ಪ್ರತೀಕಾರಕ್ಕೆ ಎರಡು ಕೈಗಳಿದ್ದುವೆಂಬುದನ್ನು ಮರೆಯಬಾರದು: ಹೊರಗಿನ ನಾಯಕನ ಮೇಲೆ ದಾವೆ, ಒಳಗಿನ ಕೆಲಸಗಾರನಿಗೆ ವಜಾ. ೧೯೨೬ರ ಕಾಯಿದೆ ಕಟ್ಟಿದುದು ಮೊದಲನೆಯ ಕೈಯನ್ನು ಮಾತ್ರ. ಸಂಘಕ್ಕೆ ಸೇರಿದನೆಂಬ ಕಾರಣದಿಂದ ಒಬ್ಬನನ್ನು ಕೆಲಸದಿಂದ ತೆಗೆದರೆ ಆ ಕಾಯಿದೆಯಲ್ಲಿ ಅವನಿಗೆ ಪರಿಹಾರವಿರಲಿಲ್ಲ. ಸಂಘವನ್ನು ಮನ್ನಿಸಬೇಕೆಂಬ ಕಟ್ಟು ಒಡೆಯನಿಗೂ ಇರಲಿಲ್ಲ. ಸಂಘದ ಪದಾಧಿಕಾರಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಒಳಗಿನ ಕೆಲಸಗಾರರೇ ಆಗಿರಬೇಕೆಂದು ವಿಧಿಸಿದ ಕಾಯಿದೆಯು, ಹಾಗೆ ಮುಂದೆ ಬಂದ ಒಳಗಿನವರನ್ನು ಕಾಪಾಡುವ ಭಾರವನ್ನು ಹೊರಲಿಲ್ಲ.

ಮೈಸೂರು ಸಂಸ್ಥಾನಕ್ಕೆ ಬ್ರಿಟಿಷ್ ಇಂಡಿಯಾದ ಈ ಕಾಯಿದೆಯೂ ಅನ್ವಯಿಸುತ್ತಿರಲಿಲ್ಲ. ೧೯೩೦ರಲ್ಲಿ ಕೋಲಾರದ ಚಿನ್ನದ ಗಣಿಯ ಕೆಲಸಗಾರರು ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಕೆಲಸ ನಿಲ್ಲಿಸಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆಸರನ್ನು ಬದಲಿಸಿಕೊಂಡು ಮತ್ತೊಂದು ಗಣಿಯಲ್ಲಿ ಕೆಲಸ ಹುಡುಕಬಹುದು. ಬೆರಳಿನ ಗೆರೆಯನ್ನು ಬದಲಿಸಿಕೊಳ್ಳಲಾಗದು. ಒಂದು ಕಡೆ ಬೇಡವಾದವನು ಎಲ್ಲೆಡೆಯೂ ಬೇಡವಾಗುವ ಉಪಾಯವು ಅದರಲ್ಲಿ ಅಡಗಿದ್ದಿತು.

ವಜಾ ಎಂಬ ಎರಡನೆಯ ಕೈಯನ್ನು ಕಟ್ಟುವ ಕೆಲಸ ಬಹಳ ನಿಧಾನವಾಗಿ ನಡೆಯಿತು. ಸಂಘಗಳ ಮನ್ನಣೆಯನ್ನೂ ಒಡೆಯರ ಅನುಚಿತ ವರ್ತನೆಗಳ ನಿಷೇಧವನ್ನೂ ಒಳಗೊಂಡು ೧೯೪೭ರಲ್ಲಿ ಆದ ತಿದ್ದುಪಡಿಯು ಕಾಗದದ ಮೇಲೆಯೇ ಉಳಿದು ಎಂದಿಗೂ ಜಾರಿಗೆ ಬರಲಿಲ್ಲ. ಅದೇ ವರ್ಷದ ಕೈಗಾರಿಕಾ ವಿವಾದಗಳ ಕಾಯಿದೆಯು, ವಿವಾದವು ವಿಚಾರಣೆಯಲ್ಲಿರುವಾಗ ಅದಕ್ಕೆ ಸಂಬಂಧಿಸಿದ ಕೆಲಸಗಾರನನ್ನು ಅನುಮತಿಯಿಲ್ಲದೆ ದಂಡಿಸಕೂಡದೆಂದಿತು. ೧೯೫೮ರಲ್ಲಿ ಪ್ರಕಟವಾದ ಇಂಡಿಯನ್ ಐರನ್ ಅಂಡ್ ಸ್ಟೀಲ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಡೆಯನು ಮಾಡಿದ ವಜಾದಲ್ಲಿ ಪ್ರತೀಕಾರಬುದ್ಧಿಯು ಕಂಡುಬಂದರೆ ನ್ಯಾಯಮಂಡಲಿಯು ಕೈಹಾಕಬಹುದೆಂದು ನಿರ್ಣಯಿಸಿತು. ಒಬ್ಬನೇ ಕೆಲಸಗಾರನ ವಜಾ ಕೂಡ ಕೈಗಾರಿಕಾ ವಿವಾದವೆನಿಸಿದುದು ೧೯೬೫ರಲ್ಲಿ; ವಜಾ ನ್ಯಾಯವೇ ಎಂಬುದನ್ನು ನ್ಯಾಯಮಂಡಲಿಯೇ ಪರಿಶೀಲಿಸಿ ರದ್ದುಪಡಿಸುವ ಅಧಿಕಾರ ಪಡೆದುದು ೧೯೭೧ರಲ್ಲಿ; ಸಂಘದ ಕಾರಣದಿಂದ ಕೆಲಸದಿಂದ ತೆಗೆಯುವುದು ಅನುಚಿತ ಕಾರ್ಮಿಕ ವರ್ತನೆಯೆಂದು ಕೇಂದ್ರದ ಕಾಯಿದೆಯ ಪಟ್ಟಿಗೆ ಸೇರಿದುದು ೧೯೮೨ರ ತಿದ್ದುಪಡಿಯಿಂದ. ೧೯೨೬, ೧೯೪೬, ೧೯೪೭ರ ಮೂರು ಕಾಯಿದೆಗಳನ್ನು ಒಂದುಗೂಡಿಸಿದ ಸಂಹಿತೆಯನ್ನು ಸಂಸತ್ತು ೨೦೨೦ರಲ್ಲಿ ಅಂಗೀಕರಿಸಿತು.

೭

ಮೇಲಿನ ವಿಮರ್ಶೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಸಂಘಟಕರ ಮೇಲಿನ ಪ್ರತೀಕಾರವು ತನ್ನ ಹೆಸರನ್ನು ತಾನು ಹೇಳುವುದಿಲ್ಲ. ಟಾಲ್‌ಪಡಲ್‌ನಲ್ಲಿ ಅದು ಗುಪ್ತಪ್ರಮಾಣದ ಅಪರಾಧವಾಗಿ, ಮದರಾಸಿನಲ್ಲಿ ಕರಾರುಭಂಗದ ನಷ್ಟವಾಗಿ, ಗಣಿಗಳಲ್ಲಿ ಬೆರಳಚ್ಚಿನ ಕ್ರಮವಾಗಿ ಕಾಣಿಸಿಕೊಂಡಿತು. ಆದುದರಿಂದಲೇ ವಜಾದ ಕಾಗದದಲ್ಲಿ ಬರೆದ ಕಾರಣಕ್ಕೂ ಒಡೆಯನ ಮನಸ್ಸಿನ ಕಾರಣಕ್ಕೂ ಭೇದವನ್ನು ಕಾಣುವುದು ನ್ಯಾಯಾಧಿಪತಿಗಳಿಗೆ ಇಷ್ಟು ಕಷ್ಟವಾದುದು. ಎರಡನೆಯದಾಗಿ, ಒಳಗಿನವನಿಗೆ ರಕ್ಷಣೆಯಿಲ್ಲದಲ್ಲಿ ಹೊರಗಿನವನ ನಾಯಕತ್ವವು ಅನಿವಾರ್ಯ. ಮೂರನೆಯದಾಗಿ, ಯಾವ ಕಾಯಿದೆಯೂ ಸಂಘದ ಒಳಗಿನ ಬಿರುಕನ್ನು ಬೆಸೆಯಲಾರದು. ಆ ಕೆಲಸ ಸಂಘದವರದೇ.

ಬಿಟ್ಟುಹೋದ ಆಳಿಗೆ ನೂರು ಪಣ, ನಿಷ್ಕಾರಣವಾಗಿ ಬಿಡಿಸಿದ ಒಡೆಯನಿಗೂ ನೂರು ಪಣ ಎಂದ ಸೂತ್ರಕಾರನು ಆ ದಂಡವನ್ನು ನಡೆಯಿಸಬಲ್ಲ ರಾಜನಿದ್ದಾನೆಂದು ನಂಬಿ ಬರೆದನು. ೧೮೫೯ರಿಂದ ೧೯೮೨ರವರೆಗಿನ ಶಾಸನಚರಿತ್ರೆಯು, ಓರೆಯಾದ ಆ ತಕ್ಕಡಿಯನ್ನು ಮತ್ತೆ ಸಮಸ್ಥಿತಿಗೆ ತರುವ ಪ್ರಯತ್ನದ ಚರಿತ್ರೆ. ಆ ಪ್ರಯತ್ನದ ವೆಚ್ಚವನ್ನು ತೆತ್ತವರಲ್ಲಿ ವಾಡಿಯಾ ಅವರ ಹೆಸರು ಗ್ರಂಥಗಳಲ್ಲಿದೆ. ಪೆರಂಬೂರಿನಲ್ಲಿ ಕೆಲಸವನ್ನೂ ಪ್ರಾಣವನ್ನೂ ಕಳೆದುಕೊಂಡವರಲ್ಲಿ ಬಹುಮಂದಿಯ ಹೆಸರು ಯಾವ ಗ್ರಂಥದಲ್ಲಿಯೂ ಕಾಣಸಿಗದು. ೧೯೨೬ರ ಕಾಯಿದೆಯ ೧೭ ಮತ್ತು ೧೮ನೆಯ ಪ್ರಕರಣಗಳನ್ನು ಓದುವವರು ಆ ಶುಷ್ಕವಾದ ವಾಕ್ಯಗಳ ಹಿಂದೆ ಅವರಿದ್ದರೆಂಬುದನ್ನು ಮರೆಯತಕ್ಕದ್ದಲ್ಲ.